ಡ್ರೈವರ್ ಗಾದ್ರಪ್ಪನ ಎಡೆ

ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕ್ಷೌರದಂಗಡಿಯಲ್ಲಿ ಕುಳಿತ ಮನುಷ್ಯ ಬಾಯಿ ಮುಚ್ಚಿಕೊಂಡಿರಬೇಕು. ಪಂಚಾಕ್ಷರಪ್ಪ ಮುಚ್ಚಿಕೊಂಡಿರಲಿಲ್ಲ. ಅವನಿಗೆ ಆ ದಿನ ಆದದ್ದೆಲ್ಲ ಅದರಿಂದಲೇ ಆಯಿತು.

ಎಂಬತ್ತೊಂದನೇ ಇಸವಿಯ ಒಂದು ಭಾನುವಾರ. ನ್ಯಾಮತಿಯಲ್ಲಿ ಅವತ್ತು ಡ್ರೈವರ್ ಗಾದ್ರಪ್ಪನ ಮೂವತ್ತನೇ ವರ್ಷದ ಪುಣ್ಯತಿಥಿ. ಇದ್ದಿಲು ಗ್ಯಾಸಿನ ಬಸ್ಸುಗಳ ಕಾಲದಲ್ಲಿ ನ್ಯಾಮತಿಯಿಂದ ಹೊನ್ನಾಳಿಗೆ ಎರಡು ಖಾಸಗಿ ಬಸ್ಸುಗಳು ಜಿದ್ದಿಗೆ ಬಿದ್ದು ಓಡುತ್ತಿದ್ದವಂತೆ. ಆ ರೇಸಿನಲ್ಲಿ ಗಾದ್ರಪ್ಪ ಒಂದು ದಿನವೂ ಸೋತವನಲ್ಲ ಎಂದು ಊರು ನಂಬಿತ್ತು. ಏರು ಬಂದಾಗಲೆಲ್ಲ ಬಸ್ಸು ನಿಂತು, ಪ್ರಯಾಣಿಕರೇ ಇಳಿದು ನೂಕುತ್ತಿದ್ದರು. ಹಾಗಾಗಿ ಗೆದ್ದವನು ಗಾದ್ರಪ್ಪನೋ ನೂಕಿದವರೋ ಎಂದು ಕೇಳಬಹುದಿತ್ತು. ಯಾರೂ ಕೇಳಲಿಲ್ಲ. ಸತ್ತವನ ಬಸ್ಸು ವರ್ಷ ಕಳೆದಷ್ಟೂ ಜೋರಾಗಿ ಓಡುತ್ತದೆ. ಅಂಥ ಶೂರ ಕೊನೆಗೆ ಬಚ್ಚಲುಕಲ್ಲಿನ ಮೇಲೆ ಜಾರಿಬಿದ್ದು ಸತ್ತ ಸಂಗತಿಯನ್ನು ಭಾಷಣ ಮಾಡುವವರು ಬಿಟ್ಟೇ ಮಾತಾಡುತ್ತಿದ್ದರು.

ಅಂಗಡಿಯಲ್ಲಿದ್ದ ಒಬ್ಬೊಬ್ಬರೂ ಗಾದ್ರಪ್ಪನ ಜೊತೆಗಿನ ತಮ್ಮ ನಂಟು ಹೇಳಿಕೊಳ್ಳುತ್ತಿದ್ದರು. ಪಂಚಾಕ್ಷರಪ್ಪನಿಗೂ ನಾಲಿಗೆ ತುರಿಸಿತು.

"ನಾನು ಐದು ವರ್ಷದವನಿದ್ದಾಗ ಅವನ ತೊಡೆ ಮ್ಯಾಲೆ ಕುಂತು ಸ್ಟೇರಿಂಗ್ ಹಿಡಿದಿದ್ದೆ ಕಣ್ರೀ. ಹೊನ್ನಾಳಿ ತನಕ."

ಪಕ್ಕದ ಕುರ್ಚಿಯ ಮುಖ ಇತ್ತ ತಿರುಗಿತು. ಅದು ಅಡಿಕೆ ವ್ಯಾಪಾರಿ ಮುರುಗೇಶಪ್ಪನವರ ಮುಖ, ಪುಣ್ಯತಿಥಿ ಸಮಿತಿಯ ಅಧ್ಯಕ್ಷರದು. ಬೆಳಗಿನಿಂದ ಅವರಿಗೊಂದು ಚಿಂತೆ ಹತ್ತಿತ್ತು. ಸತ್ತವರಿಗೆ ಎಡೆ ಇಡಬೇಕಾದವರು ಮಕ್ಕಳು ಮೊಮ್ಮಕ್ಕಳು. ಗಾದ್ರಪ್ಪ ಮದುವೆಯನ್ನೇ ಆಗಿರಲಿಲ್ಲ.

"ತೊಡೆ ಮ್ಯಾಲೆ ಕೂರಿಸ್ಕೊಂಡಿದ್ದ ಅಂದ್ರೆ ಮಗನ ಸಮಾನ ಆಯ್ತಲ್ಲೋ. ಎಡೆ ನೀನೇ ಇಡ್ಬೇಕು."

"ನಾನಾ? ನಂಗೆ ಅವೆಲ್ಲ ಬರಾಕಿಲ್ಲ ಅಣ್ಣಾರೆ."

"ಇವತ್ತು ಮುಖ್ಯ ಅತಿಥಿ ಯಾರು ಗೊತ್ತೈತಾ? ನನ್ನ ಅಳಿಯ."

ಪಂಚಾಕ್ಷರಪ್ಪ ಕುರ್ಚಿಯಲ್ಲಿ ನೆಟ್ಟಗೆ ಕುಳಿತ. ಮುರುಗೇಶಪ್ಪನವರ ಅಳಿಯನೆಂದರೆ ಅವನ ಇಲಾಖೆಯ ದೊಡ್ಡ ಸಾಹೇಬರು. ಪಂಚಾಕ್ಷರಪ್ಪ ಆರು ವರ್ಷದಿಂದ ಜಗಳೂರಿನ ಕಚೇರಿಯಲ್ಲಿ ಗುಮಾಸ್ತ. ಹೆಂಡತಿ ಮಕ್ಕಳು ನ್ಯಾಮತಿಯಲ್ಲಿ. ಶನಿವಾರ ಸಂಜೆ ಮೂರು ಬಸ್ಸು ಬದಲಿಸಿ ಬಂದು, ಭಾನುವಾರ ಸಂಜೆ ಮತ್ತೆ ಮೂರು ಬಸ್ಸು ಬದಲಿಸಿ ಹೋಗುವ ಬಾಳು. ಚಿಕ್ಕ ಮಗಳು ಅವನನ್ನು ಕಂಡರೆ "ಅವ್ವಾ, ಯಾರೋ ಬಂದ್ರು" ಎನ್ನುತ್ತಿದ್ದಳು. ಅದು ಅವನ ಕರುಳಿಗೆ ಚುಚ್ಚುತ್ತಿತ್ತು. ವರ್ಗಾವಣೆಗೆ ಅವನು ಕೊಟ್ಟ ಅರ್ಜಿಗಳನ್ನೆಲ್ಲ ಎಲ್ಲೋ ಇಲಿಗಳು ತಿನ್ನುತ್ತಿದ್ದವು.

"ಅವನ ಬ್ಯಾಗಿನಾಗೆ ಕಾಗದ, ಸೀಲು ಎರಡೂ ಇರ್ತಾವೆ. ನೀನು ಎಡೆ ಇಡು. ಸಂಜೆಯೊಳಗೆ ನಿನಗೊಂದು ಆರ್ಡರ್ ಕೊಡಿಸ್ತೀನಿ" ಎಂದರು ಮುರುಗೇಶಪ್ಪ. "ಎಡೆ ಇಡೋ ತನಕ ಹಸಿದಿರ್ಬೇಕು ಮತ್ತೆ. ಒಂದು ಗುಟುಕು ಕಾಫೀನೂ ಕುಡಿಯಂಗಿಲ್ಲ."

ಮನೆಯಲ್ಲಿ ಹೆಂಡತಿ ಸರ್ವಮಂಗಳ ಕಥೆ ಕೇಳಿ ಸೊಂಟದ ಮೇಲೆ ಕೈಯಿಟ್ಟಳು.

"ಆ ಬಸ್ಸಿನಾಗೆ ನೀವು ವಾಂತಿ ಮಾಡಿದ್ದಕ್ಕೆ ಅರ್ಧ ದಾರೀಲೇ ಇಳಿಸಿ ಹೋಗಿದ್ರು ಅಂತ ಅತ್ತೆ ಹೇಳ್ತಿದ್ರಲ್ರೀ."

"ಮೆತ್ತಗೆ ಮಾತಾಡೇ. ಟ್ರಾನ್ಸ್‌ಫರ್ ಐತೆ ಅದ್ರಾಗೆ."

"ಹಂಗಿದ್ರೆ ಒಗೆದ ಪಂಚೆ ಉಟ್ಕೊಂಡು ಹೋಗ್ರಿ" ಎಂದಳು ಸರ್ವಮಂಗಳ. ಮಾಡಿದ್ದ ಉಪ್ಪಿಟ್ಟನ್ನು ಅವನ ಕಣ್ಣೆದುರೇ ಮಕ್ಕಳಿಗೆ ಬಡಿಸಿದಳು.

ಗಾದ್ರಪ್ಪನ ಹಳೇ ಬಸ್ಸು ಅಕ್ಕಿ ಗಿರಣಿಯ ಹಿಂದಿನ ದಿಬ್ಬದ ಮೇಲೆ ಮೂವತ್ತು ವರ್ಷದಿಂದ ತುಕ್ಕು ಹಿಡಿಯುತ್ತ ನಿಂತಿತ್ತು. ಇಂಜಿನ್ನನ್ನು ಯಾರೋ ಎಂದೋ ಗುಜರಿಗೆ ಹಾಕಿದ್ದರು. ಸಮಿತಿಯವರು ಅದಕ್ಕೆ ಬಣ್ಣ ಬಳಿದು, ಸ್ಟೇರಿಂಗಿಗೆ ಗ್ರೀಸು ಹಾಕಿ, ಸಾಲದ್ದಕ್ಕೆ ಒಂದು ಲಾರಿಯ ಟೈರುಗಳನ್ನು ಕಡ ತಂದು ಹಾಕಿದ್ದರು. ಮುಂದಿನ ಚಕ್ರಕ್ಕೆ ಒಂದು ದಪ್ಪ ಕಲ್ಲು ಒತ್ತು ಕೊಟ್ಟಿದ್ದರು.

ಮಧ್ಯಾಹ್ನ ಒಂದೂವರೆಗೆ ಪಂಚಾಕ್ಷರಪ್ಪ ಬಾಳೆ ಎಲೆ ಹಿಡಿದು ಬಸ್ಸು ಹತ್ತಿದ. ಗಾದ್ರಪ್ಪನಿಗೆ ಪ್ರಿಯವಾದದ್ದೆಲ್ಲ ಎಲೆಯಲ್ಲಿತ್ತು: ಶೇಂಗಾ ಹೋಳಿಗೆ, ಒಗ್ಗರಣೆ ಮಂಡಕ್ಕಿ, ಆಗ ತಾನೆ ಬಾಣಲೆಯಿಂದ ತೆಗೆದ ಮೆಣಸಿನಕಾಯಿ ಬಜ್ಜಿ, ಒಂದು ಕಟ್ಟು ಬೀಡಿ. ಪದ್ಧತಿಯ ಪ್ರಕಾರ ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಬೇಕು, ಎಲ್ಲರೂ ಬೆನ್ನು ತಿರುಗಿಸಿ ಕಣ್ಣು ಮುಚ್ಚಬೇಕು. ಹಿರಿಯರು ಬಂದು ಉಣ್ಣುವುದನ್ನು ನೋಡಬಾರದು. ಎಡೆ ಇಟ್ಟವನು ಹಿಂದಿನ ಬಾಗಿಲಿನಿಂದ ಸದ್ದಿಲ್ಲದೆ ಇಳಿದು ಬರಬೇಕು.

ಜನ ಬೆನ್ನು ತಿರುಗಿಸಿದರು. ಪಂಚಾಕ್ಷರಪ್ಪ ಇಳಿಯುವವನೇ ಇದ್ದ. ಆದರೆ ಹೋಳಿಗೆಯ ಮೇಲಿನ ತುಪ್ಪದ ವಾಸನೆ ಬೇರೆ ಮಾತಾಡಿತು. ನೋಡುವವರು ಯಾರೂ ಇಲ್ಲ, ಗಾದ್ರಪ್ಪನೂ ಬರುವ ಲಕ್ಷಣವಿಲ್ಲ. ಡ್ರೈವರ್ ಸೀಟಿನಲ್ಲಿ ಕುಳಿತು ಎಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಎರಡು ಹೋಳಿಗೆ ಎರಡು ತುತ್ತಿಗೆ ಮುಗಿದವು. ಮಂಡಕ್ಕಿ ಮುಕ್ಕಿ, ಬಜ್ಜಿಯನ್ನು ಇಡಿಯಾಗಿ ಬಾಯಿಗೆ ತುರುಕಿದ.

ಹೊರಗೆ ಅದೇ ಹೊತ್ತಿಗೆ ಮುರುಗೇಶಪ್ಪನವರಿಗೆ ಕಾಯಿ ಒಡೆಯುವುದು ನೆನಪಾಯಿತು. ಒಡೆಯಲು ಕಲ್ಲು ಬೇಕು. ಕಣ್ಣು ಅರ್ಧ ಮುಚ್ಚಿಕೊಂಡು, ಭಕ್ತಿಯಿಂದ ಬಗ್ಗಿ, ಕೈಗೆ ಸಿಕ್ಕ ಕಲ್ಲನ್ನು ಎಳೆದುಕೊಂಡರು. ಅದು ಚಕ್ರದ ಕಲ್ಲು.

ಕಾಯಿ ಸೊಗಸಾಗಿ ಎರಡು ಹೋಳಾಯಿತು. ಬಸ್ಸು ಹೊರಟಿತು.

ಪಂಚಾಕ್ಷರಪ್ಪ ಕೂಗಲು ನೋಡಿದ. ಬಾಯಿಯ ತುಂಬ ಬಜ್ಜಿ, ಅದೂ ನಾಟಿ ಖಾರದ ಮೆಣಸಿನಕಾಯಿಯದು. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯಿತು, ದನಿ ಹೊರಡಲಿಲ್ಲ. ಬ್ರೇಕು ಒತ್ತಿದ, ಕಾಲು ನೇರವಾಗಿ ತಳದ ತೂತಿನಲ್ಲಿ ಹೋಗಿ ಗಾಳಿಗೆ ಸಿಕ್ಕಿತು. ಉಳಿದದ್ದು ಸ್ಟೇರಿಂಗ್ ಒಂದೇ. ಅದನ್ನು ತಬ್ಬಿಕೊಂಡ. ಒಂದು ಹುಣಸೆ ಮರ ಎಡಕ್ಕೆ ಹೋಯಿತು, ಒಂದು ಎಮ್ಮೆ ಬಲಕ್ಕೆ ಹೋಯಿತು. ಇಳಿಜಾರಿನ ಬುಡದಲ್ಲಿ ಹೊನ್ನಾಳಿಯ ಲೈನ್ ಬಸ್ಸು ಹೋಗುತ್ತಿತ್ತು. ಅದರ ಡ್ರೈವರ್ ನೋಡುತ್ತಿದ್ದಂತೆಯೇ ಇಂಜಿನ್ ಇಲ್ಲದ ಬಸ್ಸು ಹೂವಿನ ಹಾರ ಹಾಕಿಕೊಂಡು ಅದನ್ನು ಹಿಂದೆ ಹಾಕಿ, ರಸ್ತೆ ದಾಟಿ, ಅಜ್ಜಮ್ಮ ಎಂಬ ಮುದುಕಿಯ ಹುಲ್ಲಿನ ಬಣವೆಗೆ ನುಗ್ಗಿ ನಿಂತಿತು. ಪಂಚಾಕ್ಷರಪ್ಪ ಬಾಗಿಲಿನಿಂದ ಹಾರಿ ಬಣವೆಯ ಆಚೆ ಬದಿಗೆ ಬಿದ್ದ.

ಹುಲ್ಲು ಕೊಡವಿಕೊಂಡು ಎದ್ದು ಬರುವಷ್ಟರಲ್ಲಿ ಊರೆಲ್ಲ ಅಲ್ಲಿತ್ತು. ಮುರುಗೇಶಪ್ಪ ಬಸ್ಸಿನೊಳಗಿನ ಎಲೆ ಎತ್ತಿ ತೋರಿಸುತ್ತಿದ್ದರು. ಎಲೆ ಖಾಲಿ; ಬೀಡಿ ಕಟ್ಟೂ ಎಲ್ಲೋ ಹಾರಿಬಿದ್ದಿತ್ತು.

"ಉಂಡವ್ನೆ, ಓಡ್ಸವ್ನೆ. ಲೈನ್ ಬಸ್ಸನ್ನೂ ಸೋಲಿಸವ್ನೆ" ಎಂದು ಅವರು ಎಲೆಯನ್ನು ಕಣ್ಣಿಗೊತ್ತಿಕೊಂಡರು.

"ನಾನು ಕಣ್ಣಾರೆ ಕಂಡೆ" ಎಂದಳು ಅಜ್ಜಮ್ಮ. "ಗಾದ್ರಪ್ಪಣ್ಣನೇ. ಕಣ್ಣು ಕೆಂಡ ಆಗಿದ್ವು. ಬಾಯಾಗೆ ಹೊಗೆ ಬರ್ತಿತ್ತು."

ಜನ ಬಸ್ಸಿಗೆ ಕೈಮುಗಿದರು. ಮುರುಗೇಶಪ್ಪನವರ ಕಣ್ಣು ಪಂಚಾಕ್ಷರಪ್ಪನ ಮೇಲೆ ಬಿತ್ತು.

"ನೀನು ಹಿಂದೇನೇ ಓಡಿ ಬಂದ್ಯಾ? ಪರವಾಗಿಲ್ಲ. ಗಾದ್ರಪ್ಪನೇ ಬಂದು ಹೋದ ಮ್ಯಾಲೆ ಎಡೆ ಯಾರಿಟ್ರೇನು. ಮಗನ ಸಮಾನ ಅಂತ ನಿನ್ನ ಹುಡುಕೋ ಅಗತ್ಯಾನೇ ಇರಲಿಲ್ಲ ನೋಡು."

ಪಂಚಾಕ್ಷರಪ್ಪನಿಗೆ ಅರ್ಥವಾಯಿತು. ಆರ್ಡರು ಕೈಜಾರುತ್ತಿತ್ತು. ನಿಜ ಹೇಳಿದರೆ ಸತ್ತವನ ಎಡೆ ತಿಂದವನೆಂದು ಊರು ಉಗಿಯುತ್ತದೆ, ಹೇಳದಿದ್ದರೆ ಜಗಳೂರು. ಜಗಳೂರನ್ನು ನೆನೆದು ಧೈರ್ಯ ಮಾಡಿದ. ಗುಂಪಿನಿಂದ ದೂರ, ತಮ್ಮ ಜೀಪಿಗೆ ಒರಗಿ ನಿಂತಿದ್ದ ದೊಡ್ಡ ಸಾಹೇಬರ ಹತ್ತಿರ ಹೋಗಿ ಪಿಸುಗುಟ್ಟಿದ.

"ಸಾರ್, ಗಾದ್ರಪ್ಪ ಬರ್ಲಿಲ್ಲ. ಬಸ್ಸು ಓಡಿಸಿದ್ದು ನಾನು. ಎಡೆ ತಿಂದಿದ್ದೂ ನಾನೇ."

ಸಾಹೇಬರು ಅವನ ಗಲ್ಲಕ್ಕೆ ಅಂಟಿದ್ದ ಮಂಡಕ್ಕಿಯನ್ನು ನೋಡಿದರು.

"ನನಗೆ ಗೊತ್ತು. ದೆವ್ವ ಭೂತ ನಾನು ನಂಬೋದಿಲ್ಲ. ಇಂಜಿನ್ನಿಲ್ಲ, ಬ್ರೇಕಿಲ್ಲ, ಆದರೂ ಒಂದು ಎಮ್ಮೆಗೂ ತಗಲದ ಹಾಗೆ ತಂದು ನಿಲ್ಲಿಸಿದ್ರಲ್ಲ. ಯಾವ ಆಫೀಸು ನಿಮ್ಮದು?"

"ಜಗಳೂರು ಸಾರ್. ಆರು ವರ್ಷ ಆಯ್ತು."

ಸಾಹೇಬರ ಮುಖ ಅರಳಿತು. ಬ್ಯಾಗು ತೆರೆದು ಕಾಗದ ತೆಗೆದರು, ಬಾನೆಟ್ಟಿನ ಮೇಲಿಟ್ಟು ಬರೆದರು, ಸೀಲು ಒತ್ತಿದರು. ಪಂಚಾಕ್ಷರಪ್ಪನಿಗೆ ಕಣ್ಣಲ್ಲಿ ಮತ್ತೆ ನೀರು ಬಂತು. ಈ ಸಲ ಖಾರಕ್ಕಲ್ಲ. ಎರಡೂ ಕೈ ಚಾಚಿ ಕಾಗದ ತೆಗೆದುಕೊಂಡು ಓದಿದ.

ಜಗಳೂರಿನ ಕಚೇರಿಯ ಜೀಪಿಗೆ ಎರಡು ವರ್ಷದಿಂದ ಡ್ರೈವರ್ ಇಲ್ಲದ್ದರಿಂದ, ಸದರಿ ಪಂಚಾಕ್ಷರಪ್ಪನನ್ನು ಅಲ್ಲಿಯೇ ಮುಂದುವರಿಸಿ, ಗುಮಾಸ್ತನ ಕೆಲಸದ ಜೊತೆಗೆ ಜೀಪನ್ನೂ ವಹಿಸಲಾಗಿದೆ.

"ಸಾರ್, ನಂಗೆ ಲೈಸೆನ್ಸು..."

"ಅದನ್ನ ನಾನು ಮಾಡಿಸ್ತೀನಿ. ಅಲ್ಲಿ ಕ್ಯಾಂಪು ಜಾಸ್ತಿ ಶನಿವಾರ ಭಾನುವಾರಾನೇ ಬೀಳುತ್ತೆ, ಆ ಎರಡು ದಿನ ಮಾತ್ರ ಜಗಳೂರು ಬಿಡಬೇಡಿ" ಎಂದರು ಸಾಹೇಬರು.

ಅಷ್ಟರಲ್ಲಿ ಮುರುಗೇಶಪ್ಪ ಪ್ರಸಾದದ ತಟ್ಟೆ ಹಿಡಿದು ಬಂದರು. ಪಂಚಾಕ್ಷರಪ್ಪನ ಕೈಯಲ್ಲಿದ್ದ ಸೀಲಿನ ಕಾಗದ ಕಂಡು ಅವನ ಬೆನ್ನು ತಟ್ಟಿದರು.

"ಸಂಜೆಯೊಳಗೆ ಆರ್ಡರ್ ಕೊಡಿಸ್ತೀನಿ ಅಂದಿದ್ನಾ ಇಲ್ವಾ? ತಗಾ, ಒಂದು ಬಜ್ಜಿ ತಿನ್ನು. ಬೆಳಿಗ್ಗೆಯಿಂದ ಹಸಿದಿದೀಯ."