ಅಂಚಿಲ್ಲದ ಮನೆಗೆ ಒಂಬತ್ತು ಮಾದರಿ

ಬೆಟಗೇರಿಯ ನಮ್ಮ ಹೊಸ ಮನೆಗೆ ಒಂದೇ ಕೆಲಸ ಬಾಕಿ ಇತ್ತು. ಮಳೆ ನೀರು ಗೋಡೆಗೆ ಇಳಿಯದಂತೆ ಮಾಳಿಗೆಯ ಅಂಚಿಗೆ ಪಟ್ಟಿ ಕೂರಿಸುವುದು. 'ಎರಡು ದಿನದ ಕೆಲಸ' ಎಂದು ಡೈರಿಯಲ್ಲಿ ಬರೆದು ಕೆಳಗೆ ಗೆರೆ ಎಳೆದೆ. ನಾನು ಗೆರೆ ಎಳೆದರೆ ಕೆಲಸ ಆದಂತೆಯೇ!

ಹೆಂಡತಿ ಸುಮಾ ಚೊಚ್ಚಲ ಹೆರಿಗೆಗೆ ಲಕ್ಕುಂಡಿಯ ತವರಿಗೆ ಹೋಗಿದ್ದಳು. ಮಗಳು ಹುಟ್ಟಿ ಮೂರು ತಿಂಗಳಾಗಿತ್ತು. ಐದನೇ ತಿಂಗಳಲ್ಲಿ ತಾಯಿ, ಮಗು ನೇರ ಹೊಸ ಮನೆಗೇ ಬರುವುದೆಂದು ನಿಶ್ಚಯವಾಗಿತ್ತು. ಅಲ್ಲಿಯವರೆಗೆ ನಾನು ಕಾಯಬೇಕು. ಬಾಣಂತಿ ಇರುವ ಮನೆಗೆ ಅಳಿಯ ಪದೇ ಪದೇ ಹೋದರೆ ಓಣಿಯವರು ನಗುತ್ತಾರೆ. ಬಸ್ಸು ಹತ್ತಿದರೆ ಇಲ್ಲೇ ಇರುವ ಊರು; ಹತ್ತಲು ಕಾರಣ ಬೇಕು!

ಕಾರಣವನ್ನು ಮನೆ ಕಟ್ಟುತ್ತಿದ್ದ ಗೌಂಡಿಯೇ ಕೊಟ್ಟ. "ಅಂಚಿಗೆ ಏನ್ ಹಚ್ಚೂದು ಅಂತ ಮನಿಯವ್ರನ್ನ ಒಂದ್ ಮಾತು ಕೇಳ್ಕೊಂಡು ಬರ್ರಿ."

ಕೆಂಪು ಹಂಚಿನ ತುಂಡು ಹಿಡಿದು ಹೋದೆ. ಮಗಳು ತೊಡೆಯ ಮೇಲೆ ನಲವತ್ತು ನಿಮಿಷ. ಹಂಚಿನ ಚರ್ಚೆ ಒಂದು ನಿಮಿಷ. ಚೊಲೋ ಐತಿ, ಇದನ್ನೇ ಹಚ್ಚಿಸಿರಿ ಎಂದಳು ಸುಮಾ. ಮರಳುವ ಬಸ್ಸಿನಲ್ಲಿ ಹೊಳೆಯಿತು: ಒಪ್ಪಿಗೆ ಸಿಕ್ಕರೆ ಕಾರಣ ಮುಗಿಯಿತು! ಡೈರಿಯಲ್ಲಿ ಬರೆದೆ: 'ಹಂಚು ಬಿಸಿಲಿಗೆ ಬಣ್ಣ ಬಿಡಬಹುದು. ಪುನರ್ವಿಚಾರಣೆ ಅಗತ್ಯ.'

ಲಕ್ಷ್ಮೇಶ್ವರದಿಂದ ಕಡಪಾ ಕಲ್ಲು ತಂದೆ. ಶಿರಹಟ್ಟಿಯಿಂದ ಮಡಚಿದ ತಗಡು. ಮುಂಡರಗಿಯ ಗ್ರಾನೈಟ್ ತುಂಡಿಗೆ ಬೇರೆ ಟಿಕೆಟ್ ತೆಗೆಯಬೇಕೆಂದು ಕಂಡಕ್ಟರ್ ಹಟ ಹಿಡಿದ. ಸುಮಾ ಎಲ್ಲವನ್ನೂ ಒಪ್ಪಿದಳು. ನಾನು ಎಲ್ಲದರಲ್ಲೂ ದೋಷ ಹುಡುಕಿದೆ. ಕಾದು ಬೇಸತ್ತ ಗೌಂಡಿ ಹಲಗೆ, ಬಾಂಡ್ಲಿ ಕಟ್ಟಿಕೊಂಡು ಅಸುಂಡಿಯ ಕೆಲಸಕ್ಕೆ ಹೋದ.

ಒಂಬತ್ತನೇ ಭೇಟಿಯ ಮರುದಿನ ಮಳೆ ಹೊಡೆಯಿತು. ಅಂಚಿಲ್ಲದ ಮಾಳಿಗೆಯಿಂದ ನೀರು ಗೋಡೆಗುಂಟ ಇಳಿದು, ಹೊಸ ಬಣ್ಣವನ್ನು ಕಿತ್ತು, ಕಿಟಕಿಯ ಮೇಲಿಂದ ತೊಟ್ಟಿಲ ಕೋಣೆಗೆ ದಯಮಾಡಿಸಿತು. ಗೋಡೆ ಒಣಗಿ, ಗಿಲಾವು ಮಾಡಿ, ಬಣ್ಣ ಬಳಿಯಲು ತಿಂಗಳ ಮೇಲೆ ಬೇಕೆಂದ, ಅಸುಂಡಿಯಿಂದ ಮತ್ತೆ ಕರೆತಂದ ಗೌಂಡಿ.

ಈ ಖಬರ ಹೇಳಲು ಹತ್ತನೇ ಸಲ ಲಕ್ಕುಂಡಿಗೆ ಹೋದೆ. ಹಸಿ ಗೋಡೆಯ ಮನೆಗೆ ಕೂಸನ್ನು ಕಳಿಸುವ ಮಾತೇ ಇಲ್ಲ ಎಂದರು ಅತ್ತೆ. ಹಾಗಾದರೆ ಆರನೇ ತಿಂಗಳು?

"ಆರು ಬೆಸ ಅಲ್ಲ, ಸರಿ ತಿಂಗಳಾತು, ಅಳಿಯಾರ. ಕಳಸಾಕ ಬರೂದಿಲ್ಲ. ಇನ್ನ ಏಳಕ್ಕ."

ಲೆಕ್ಕ ಹಾಕಿದೆ. ಒಂಬತ್ತು ಭೇಟಿ, ತಲಾ ನಲವತ್ತು ನಿಮಿಷ: ಗಳಿಸಿದ್ದು ಆರು ತಾಸು. ಕಳೆದದ್ದು ಎರಡು ತಿಂಗಳು!

ಮುಖ ತೊಳೆಯಲು ಹಿತ್ತಲಿಗೆ ಹೋದರೆ, ಅತ್ತೆಯ ತುಳಸಿಕಟ್ಟೆಗೆ ಹೊಸ ಅಂಚು. ಹಂಚು, ಕಡಪಾ, ತಗಡು, ಗ್ರಾನೈಟ್... ನಾನು ಬಿಟ್ಟುಬಂದಿದ್ದ ಒಂಬತ್ತೂ ಮಾದರಿಗಳು ಸಾಲಾಗಿ ಕೂತಿದ್ದವು. ಅಷ್ಟು ಮಳೆಗೂ ಕಟ್ಟೆಯ ಗೋಡೆಗೆ ಒಂದು ಹನಿ ಇಳಿದಿರಲಿಲ್ಲ.

ಹೊರಡುವಾಗ ಸುಮಾ ಮಗಳನ್ನು ಎತ್ತಿಕೊಂಡು ಹೊಸ್ತಿಲವರೆಗೆ ಬಂದಳು. "ನಂಗ ಎರಡನೇ ತುಂಡಿಗೇ ಗೊತ್ತಾಗಿತ್ರಿ" ಎಂದಳು ಮೆಲ್ಲಗೆ. "ಇನ್ನ ಏನೂ ಹೊತ್ಕೊಂಡು ಬರಬ್ಯಾಡ್ರಿ. ಸುಮ್ನ ಬರ್ರಿ."

ಬಸ್ಸಿನಲ್ಲಿ ಡೈರಿ ತೆರೆದೆ. 'ಹನ್ನೊಂದನೇ ಭೇಟಿ: ಬುಧವಾರ. ಒಯ್ಯುವ ಮಾದರಿ: ನಾನೊಬ್ಬನೇ. ದೋಷಗಳು: ಅವರಿಗೆ ಗೊತ್ತಿವೆ.'