ಬದುಕಿರುವ ಅತ್ತೆಯವರ ಸಾವಿನ ಕುರಿತು ನೌಕಾಧಿಕಾರಿಗಳಿಗೆ

ಮಾನ್ಯ ವೈಸ್ ಅಡ್ಮಿರಲ್ ಸಾಹೇಬರೇ,

ಮೂರು ಸಮುದ್ರಗಳನ್ನು ಕಾಯುವ ತಮಗೆ, ನಳದ ನೀರಿಗೆ ಕಾಯುವ ನವಲಗುಂದದಿಂದ ನಸ್ರೀನ್ ಮಾಡುವ ಸಲಾಮುಗಳು.

ತಾವು ನಮ್ಮೂರಿನವರು, ಅದೂ ನಮ್ಮ ಓಣಿಯಲ್ಲೇ ಬೆಳೆದವರು ಎಂಬ ಹೆಮ್ಮೆಯಿಂದ, ತಮಗೂ ಒಂದು ದ್ವೀಪ ದೇಶದ ಅಧ್ಯಕ್ಷರಿಗೂ ನಡೆದ ಪತ್ರವ್ಯವಹಾರವನ್ನು ಪತ್ರಿಕೆಯಲ್ಲಿ ಓದಿದೆ. ತಮ್ಮ ಹಡಗಿಗೆ ಬಂದಿದ್ದ ಅಧ್ಯಕ್ಷರು ತಾವು ಕೋಣೆಯ ಗೋಡೆಗೆ ತೂಗುಹಾಕಿದ್ದ ಜಮಖಾನಕ್ಕೆ ಮನಸೋತು, ಅದರ ನಡುವಿನ ಚೌಕಗಳ ಚಿತ್ರ ಏನೆಂದು ಕೇಳಿ ಬರೆದರಂತೆ. ಅದು ನಮ್ಮ ಪೂರ್ವಿಕ ನಾವಿಕರು ದಿಕ್ಕು ನೋಡುತ್ತಿದ್ದ ಸಾಗರ ನಕ್ಷೆ, ಮುನ್ನೂರು ವರ್ಷ ಹಳೆಯದು ಎಂದು ತಾವು ಉತ್ತರಿಸಿದಿರಿ. ಸಾಹೇಬರೇ, ಅದು ಪಗಡೆಯ ಹಾಸು. ತಮ್ಮ ಪಡಸಾಲೆಯಲ್ಲಿ ಅದರ ಮೇಲೆ ಕೂತು ಕವಡೆ ಚೆಲ್ಲಿ ತಾವು ಸೋತದ್ದು ಓಣಿಯ ಹಿರಿಯರಿಗೆ ಇನ್ನೂ ನೆನಪಿದೆ. ಸಮುದ್ರವಿಲ್ಲದ ಊರಿಗೆ ನಾವಿಕರನ್ನು ದಯಪಾಲಿಸಿದ ತಮ್ಮ ಔದಾರ್ಯವನ್ನು ಹೇಗೆ ಹೊಗಳಲಿ? ಇಷ್ಟಾದ ಮೇಲೆ ಬೆಣ್ಣಿಹಳ್ಳಕ್ಕೊಂದು ಬಂದರನ್ನೂ ತಿರ್ಲಾಪುರದ ಹತ್ತಿ ಹೊಲಗಳ ನಡುವೆ ಒಂದು ದೀಪಸ್ತಂಭವನ್ನೂ ಮಂಜೂರು ಮಾಡಿಸಿದರೆ, ತಮ್ಮ ಮಾತಿಗೆ ಸಾಕ್ಷಿ ಹೇಳಲು ನಮಗೂ ಅನುಕೂಲ.

ಇದನ್ನು ನೇಯುವವರು ಈಗಲೂ ಇದ್ದಾರೆಯೇ, ಇದ್ದರೆ ನಮ್ಮ ಭವನಕ್ಕೊಂದು ನೇಯ್ದುಕೊಟ್ಟಾರೆಯೇ ಎಂದು ಅಧ್ಯಕ್ಷರು ಎರಡನೆಯ ಪತ್ರದಲ್ಲಿ ಕೇಳಿದರು. ತಮ್ಮ ಗೋಡೆಯದು ಜಗತ್ತಿಗೇ ಒಂದು ಅನ್ನಿಸಿಕೊಳ್ಳಲೆಂದೋ ಏನೋ, ಕೊನೆಯ ನೇಕಾರಳೂ ತೀರಿಹೋದಳು, ಕಲೆಯೂ ಅವಳೊಂದಿಗೆ ಹೋಯಿತು ಎಂದು ತಾವು ಬರೆದಿರಿ. ಆ ಜಮಖಾನ ನೇಯ್ದು ತಮ್ಮ ತಾಯಿಯವರ ಕೈಗಿಟ್ಟವರು ನನ್ನ ಅತ್ತೆ ಮಲಿಕಾಬಿ. ಪತ್ರ ಅಚ್ಚಾದ ದಿನ ಆ ಮೃತರು ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು. ಮದುವೆಯಾದಂದಿನಿಂದ ಅವರ ಬಾಜು ಕೂತು ನೇಯ್ದ ನಾನೂ ಒಲೆಯ ಮುಂದೆ ಜೀವಂತವಾಗಿದ್ದೆ. ಮರ್ಯಾದೆಯ ಪತ್ರದಲ್ಲಿ ಹೀಗೆ ಹೇಳಬಾರದು, ಆದರೂ ಹೇಳುತ್ತೇನೆ: ನನಗೆ ಅಗದಿ ಸಿಟ್ಟು ಬಂತು.

ಹಾಗೆಂದು ತಪ್ಪೆಲ್ಲ ತಮ್ಮದೇ ಅನ್ನಲಾರೆ. ನಮ್ಮ ಮನೆತನಗಳಲ್ಲಿ ಈ ನೇಯ್ಗೆಯನ್ನು ಸೊಸೆಯಂದಿರಿಗೆ ಕಲಿಸುತ್ತಾರೆ, ಹೆಣ್ಣುಮಕ್ಕಳಿಗಲ್ಲ. ಮದುವೆಯಾಗಿ ಹೋಗುವವಳು ಕಸುಬನ್ನೂ ಕಟ್ಟಿಕೊಂಡು ಹೋಗುತ್ತಾಳೆಂಬ ಅಂಜಿಕೆ. ನನಗಿರುವವಳು ಒಬ್ಬಳೇ ಮಗಳು, ಶಹನಾಜ. ಗಂಡುಮಕ್ಕಳಿಲ್ಲ, ಹಾಗಾಗಿ ಸೊಸೆ ಬರುವ ಮಾತೂ ಇಲ್ಲ. ಚಿಕ್ಕಂದಿನಿಂದ ಹಟ ಹಿಡಿದರೂ ಅತ್ತೆಯವರು ಅವಳಿಗೆ ಮಗ್ಗದ ನೂಲು ಮುಟ್ಟಗೊಡಲಿಲ್ಲ. ಈಗ ಅತ್ತೆಯವರ ಕಣ್ಣು ಮಂಜಾಗುತ್ತಿದೆ, ನಮ್ಮ ಮಗ್ಗಕ್ಕೆ ಇಬ್ಬರು ಬೇಕು. ತಾವು ಬರೆದ ಸುಳ್ಳು ನನ್ನ ಕಾಲಕ್ಕೇ ನಿಜವಾಗಿಬಿಡುತ್ತದೆ ಎಂಬುದೇ ನನ್ನ ಭಯವಾಗಿತ್ತು.

ತಮ್ಮ ಪತ್ರವನ್ನು ಓದಿ ಹೇಳಿದಾಗ ಅತ್ತೆಯವರು ಅಡಕತ್ತರಿ ಕೆಳಗಿಟ್ಟರು. ಆಮೇಲೆ, “ಅಷ್ಟ ದೊಡ್ಡವ್ರು ಬರದಾರಂದ್ರ ನಾ ಸತ್ತಂಗ ಆತು. ಸತ್ತವ್ರಿಗಿ ಎಲ್ಲೀ ರೂಢಿ? ಹುಡಿಗೀನ ಕರಿ, ನನ್ನ ಬಾಜು ಕೂಡ್ಲಿ” ಅಂದರು. ಅಂದಿನಿಂದ ಮಗಳು ಮಗ್ಗದ ಮುಂದಿದ್ದಾಳೆ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅಳುವಷ್ಟು ಅತ್ತುಬಿಟ್ಟೆ.

ಆದಕಾರಣ, ಪತ್ರವನ್ನು ತಿದ್ದಿ ಬರೆಯಿರೆಂದು ಕೇಳಬೇಕೆಂದಿದ್ದವಳು ಈಗ ಬೇರೆಯೇ ಬಿನ್ನಹ ಮಾಡುತ್ತಿದ್ದೇನೆ. ಶಹನಾಜಳ ಕೈಯಲ್ಲಿ ಜಮಖಾನದ ನವಿಲಿನ ಕೊರಳು ಸೊಟ್ಟಾಗದೆ ಮೂಡುವವರೆಗೆ ಅತ್ತೆಯವರನ್ನು ದಯವಿಟ್ಟು ತೀರಿಕೊಂಡಂತೆಯೇ ಇಟ್ಟಿರಿ. ಯಾವ ಕಾರಣಕ್ಕೂ ನಡುವೆ ಸತ್ಯವಂತರಾಗಬೇಡಿರಿ.

ತಮ್ಮ ಓಣಿಯ ವಿಶ್ವಾಸಿ,
ನಸ್ರೀನ್
(ದಿವಂಗತ ಮಲಿಕಾಬಿಯವರ ಸೊಸೆ, ಅವರ ಅಪ್ಪಣೆಯ ಮೇರೆಗೆ)

ವಿ.ಸೂ.: ಮಗಳು ಕಲಿತು ಮುಗಿಸಿದ ಮೇಲೆ ಅಧ್ಯಕ್ಷರಿಗೆ ಅತ್ತೆಯವರೇ ಪತ್ರ ಬರೆಸುವವರಿದ್ದಾರೆ. ಅದರಲ್ಲಿ ತಮ್ಮ ಬಗ್ಗೆ ಏನು ಬರೆಯಲಿ ಎಂದು ಕೇಳಿದೆ. “ಅವನೂ ತೀರಿಕೊಂಡಾನ ಅಂತ ಬರಿ” ಅಂದರು.