ತೊಂಬತ್ತನೇ ದಿನದ ಗೆರೆ

ಎಲ್ಲಾ ಶುರುವಾದದ್ದು ಅತ್ತೆಯ ಒಂದು ನಗುವಿನಿಂದ. ಮೂರು ತಿಂಗಳ ಹಿಂದೆ ಮಗಳ ಮನೆಗೆ ಬಂದಿದ್ದವರು, ಅಳಿಯ ಗೀಚಿಟ್ಟಿದ್ದ ಬೆಕ್ಕಿನ ಚಿತ್ರ ನೋಡಿ, "ಕೆಟಲ್ ಚೆನ್ನಾಗಿ ಬಂದಿದೆ ಅಳಿಯಂದ್ರೇ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಅಳಿಯನಿಗೆ ಮೈಯೆಲ್ಲಾ ಉರಿಯಿತು. ಮಾರನೆಯ ದಿನವೇ ಚಿತ್ರ ಕಲಿಸುವ ಪುಸ್ತಕ ತಂದು, ಒಂದು ದಿನವೂ ತಪ್ಪಿಸದೆ ನೂರು ದಿನ ಅಭ್ಯಾಸ ಮಾಡಿಯೇ ತೀರುತ್ತೇನೆಂದು ಹಠಕ್ಕೆ ಬಿದ್ದರು. ಮೊದಲ ಮೂವತ್ತು ದಿನ ಬರೀ ಗೆರೆ. ದಿನಕ್ಕೆ ಇನ್ನೂರು, ಸ್ಕೇಲು ಮುಟ್ಟುವಂತಿಲ್ಲ. ಆಮೇಲೆ ವೃತ್ತ, ಡಬ್ಬಿ, ಮತ್ತೆ ಡಬ್ಬಿ. ಅವರದು ಕನ್ನಡಕದ ಅಂಗಡಿ. ಗಿರಾಕಿ ಗೋಡೆಯ ಅಕ್ಷರಗಳನ್ನು ಓದುತ್ತಿದ್ದರೆ ಇವರು ಬಿಲ್ಲಿನ ಹಿಂದೆ ಗೆರೆ ಎಳೆಯುತ್ತಿದ್ದರು. ಬೀದಿಯವರು ಅವರಿಗೆ 'ಗೆರೆರಾಯರು' ಎಂದು ಹೆಸರಿಟ್ಟು ಖುಷಿಪಟ್ಟರು.

"ಇಷ್ಟು ದಿನ ಗೆರೆ ಎಳೆದ್ರಲ್ಲ, ಒಂದು ಬೆಕ್ಕಾದ್ರೂ ಬಂತಾ?" ಎಂದು ಹೆಂಡತಿ ಕೇಳಿದರೆ, "ಬೆಕ್ಕು ಕೊನೇ ವಾರ ಕಣೇ. ಮೊದಲು ಬುಡ ಗಟ್ಟಿಯಾಗ್ಬೇಕು" ಎನ್ನುತ್ತಿದ್ದರು.

ಅಂದು ತೊಂಬತ್ತನೇ ದಿನ. ಅಂಗಡಿಗೆ ವಾರದ ರಜೆ. ಸಂಜೆ ಅತ್ತೆ ಬರುವವರಿದ್ದರು. ಅಷ್ಟರೊಳಗೆ ಯಾರೂ ನಗಲಾಗದಂಥ ಒಂದೇ ಒಂದು ಚಿತ್ರ ಬರೆದು ಅವರ ಮುಂದೆ ಹಿಡಿಯಬೇಕು. ಅದೃಷ್ಟಕ್ಕೆ ಆ ದಿನದ ಪಾಠವೂ ಸರಳವಾಗಿತ್ತು: ಮನೆಗಳ ಸಾಲು. ಹತ್ತಿರದ ಮನೆ ದೊಡ್ಡದು, ದೂರದ್ದು ಚಿಕ್ಕದು, ಎಲ್ಲದರ ಬುಡವೂ ಒಂದೇ ಓರೆಗೆರೆಯ ಮೇಲೆ. ಕೆಳಗೆ ದಪ್ಪಕ್ಷರದಲ್ಲಿ, 'ಗೊತ್ತಿರುವುದನ್ನಲ್ಲ, ಕಂಡದ್ದನ್ನು ಬರೆಯಿರಿ' ಎಂದಿತ್ತು.

ಗೆರೆರಾಯರು ಬೀದಿಯ ತುದಿಯಲ್ಲಿ ಸ್ಟೂಲು ಹಾಕಿಕೊಂಡು, ಪೆನ್ಸಿಲನ್ನು ತೋಳುದ್ದಕ್ಕೆ ಚಾಚಿ, ಒಂದು ಕಣ್ಣು ಮುಚ್ಚಿ ತಮ್ಮ ಮನೆಯ ಸಾಲನ್ನು ಅಳೆಯತೊಡಗಿದರು.

ಮಹಡಿಯ ಕಿಟಕಿಯಿಂದ ರಿಟೈರಾದ ಟೀಚರಮ್ಮ ಕೂಗಿದರು. "ಏನ್ರೀ ಇದು, ಈ ವಯಸ್ಸಲ್ಲಿ ಕಣ್ಣು ಹೊಡೀತೀರಾ!"

"ನಿಮಗಲ್ಲ ಟೀಚರ್, ನಿಮ್ಮ ಕಿಟಕಿಗೆ!"

ಇದರಿಂದ ಟೀಚರಮ್ಮನಿಗೆ ಸಮಾಧಾನವೇನೂ ಆಗಲಿಲ್ಲ. ಕಿಟಕಿ ಧಡಾರನೆ ಮುಚ್ಚಿತು. ಆ ಸದ್ದಿಗೆ ಮೂಲೆಯ ಬೇಕರಿಯವನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದ. ಗೆರೆರಾಯರ ಪೆನ್ಸಿಲು ನೇರ ತನ್ನ ಬೇಕರಿಯತ್ತ ತಿರುಗಿದ್ದು ಕಂಡು ಅವನ ಎದೆ ಧಸಕ್ಕೆಂದಿತು.

"ಸಾರ್, ರಸ್ತೆ ಅಗಲ ಮಾಡ್ತಾರಾ? ಅಳತೆ ಕೆಲಸ ನಿಮಗೆ ಕೊಟ್ಟಿದ್ದಾರಾ?"

"ಚಿತ್ರ ಬರೀತಿದ್ದೀನಪ್ಪ."

"ತೋರಿಸಿ ಮತ್ತೆ!"

ತೋರಿಸಿದ್ದೇ ತಪ್ಪಾಯಿತು. ಸಾಲಿನ ಮನೆಗಳೆಲ್ಲ ಶಿಸ್ತಾಗಿ ಗೆರೆಯ ಮೇಲೆ ಕೂತಿದ್ದವು. ಗೆರೆರಾಯರ ಮನೆಯ ಕಟ್ಟೆ ಮಾತ್ರ ಉಬ್ಬುಹಲ್ಲಿನಂತೆ ಬೀದಿಗೆ ಚಾಚಿತ್ತು. ಅಷ್ಟರಲ್ಲಿ ನೆರೆದಿದ್ದ ಹತ್ತು ಜನವೂ ಒಟ್ಟಿಗೆ ನಕ್ಕರು. ಟೀಚರಮ್ಮನೂ ನಗುವುದಕ್ಕೆಂದೇ ಕೆಳಗಿಳಿದು ಬಂದರು. "ತೊಂಬತ್ತು ದಿನ ಗೆರೆ ಎಳೆದು ಸ್ವಂತ ಮನೇನೇ ಸೊಟ್ಟ! ಇವರು ಚಿತ್ರ ಬರೆಯೋರಲ್ಲ, ಅಳತೆಯೋರೇ" ಎಂದು ಬೇಕರಿಯವನು ತೀರ್ಮಾನಿಸಿದ. ಪಕ್ಕದ ಬೀದಿಯಲ್ಲಿ ಚರಂಡಿ ರಿಪೇರಿ ಮಾಡಿಸುತ್ತಿದ್ದ ನಗರಸಭೆಯ ಇಂಜಿನಿಯರಮ್ಮನನ್ನು ಕರೆತರಲು ಓಡಿದ.

ಗೆರೆರಾಯರ ಕಿವಿ ಕೆಂಪಾಯಿತು. ಆ ಕಟ್ಟೆಯನ್ನು ಅವರು ನಾಲ್ಕು ಸಲ ಅಳಿಸಿ ಬರೆದಿದ್ದರು. ಕಾಗದ ತೂತು ಬೀಳುವಷ್ಟು ಸವೆದಿತ್ತು. ಪ್ರತಿ ಸಲವೂ ಕಟ್ಟೆ ಗೆರೆಯಾಚೆಗೇ ಬರುತ್ತಿತ್ತು. ಪುಸ್ತಕ ಹೇಳಿದಂತೆ ಕಂಡದ್ದನ್ನೇ ಬರೆದಿದ್ದರು.

ಇಂಜಿನಿಯರಮ್ಮ ಬಂದರು. "ರಸ್ತೆ ಅಗಲ ಏನೂ ಇಲ್ಲ, ನಾವು ಯಾರನ್ನೂ ಕಳಿಸಿಲ್ಲ" ಎಂದರು. ಆಮೇಲೆ ಚಿತ್ರವನ್ನು ಕೈಗೆತ್ತಿಕೊಂಡು ಹುಬ್ಬೇರಿಸಿದರು. "ಈ ಕಟ್ಟೆ ನಿಜವಾಗ್ಲೂ ಹೀಗೆ ಮುಂದಕ್ಕಿದೆಯಾ?"

ಗಲಾಟೆ ಕೇಳಿ ಹೊರಗೆ ಬಂದಿದ್ದ ಹೆಂಡತಿಯ ಮುಖ ಬಿಳಿಚಿತು. ಹೋದ ತಿಂಗಳು ಗಂಡ ಎರಡು ದಿನ ಊರಲ್ಲಿಲ್ಲದಾಗ, ಏಳು ಹೂಕುಂಡಗಳಿಗೆ ಜಾಗ ಸಾಲದೆಂದು, "ಇನ್ನೊಂಚೂರು ಮುಂದಕ್ಕೆ, ಇನ್ನೊಂಚೂರು" ಎಂದು ಗಾರೆಯವನ ಹತ್ತಿರ ಕಟ್ಟೆ ಕಟ್ಟಿಸಿದ್ದವಳು ಅವಳೇ.

"ಅಯ್ಯೋ ಮೇಡಂ, ಅವ್ರಿಗೆ ಗೆರೆ ಎಳೆಯೋಕೇ ಬರಲ್ಲ. ಈಗಿನ್ನೂ ಕಲೀತಿದ್ದಾರೆ" ಎಂದು ಮುಂದೆ ಬಂದಳು. ಗಂಡನ ಕಿವಿಯಲ್ಲಿ, "ರೀ, ಸೊಟ್ಟ ಬಂದಿದೆ ಅಂತ ಒಂದು ಮಾತು ಹೇಳ್ರೀ. ನಿಮ್ಮ ದಮ್ಮಯ್ಯ" ಎಂದಳು.

ಗೆರೆರಾಯರು ಕಟ್ಟೆ ನೋಡಿದರು, ಕುಂಡಗಳನ್ನು ನೋಡಿದರು, ಮುಸಿಮುಸಿ ನಗುತ್ತಿದ್ದ ಬೇಕರಿಯವನನ್ನು ನೋಡಿದರು. ತೊಂಬತ್ತು ದಿನ. ಹದಿನೆಂಟು ಪೆನ್ಸಿಲು. ಜ್ವರ ಬಂದಾಗಲೂ ಹೊದಿಕೆಯೊಳಗೆ ಕೂತು ಎಳೆದ ಇನ್ನೂರು ಗೆರೆ. ಸುಳ್ಳು ಹೇಳಲು ಅವರಿಗೇನೂ ಅಭ್ಯಂತರವಿರಲಿಲ್ಲ. ಆದರೆ ಈ ಸುಳ್ಳನ್ನು ಹೇಳಲಾರರು.

"ನನ್ನ ಗೆರೆ ನೇರ ಇದೆ" ಎಂದರು. "ಬೇಕಾದ್ರೆ ಟೇಪು ಹಿಡಿದು ನೋಡ್ಕೊಳ್ಳಿ!"

ಇಂಜಿನಿಯರಮ್ಮ ಟೇಪು ಹಿಡಿದರು. ರಸ್ತೆಗೆ ಒಂದೂಕಾಲು ಅಡಿ ಒತ್ತುವರಿ. "ಭೇಷ್! ಸ್ಕೇಲಿಲ್ಲದೆ ಇಷ್ಟು ಕರಾರುವಾಕ್ಕಾಗಿ ಬರೆದಿದ್ದೀರಲ್ಲ!" ಎಂದು ಬಾಯ್ತುಂಬ ಹೊಗಳಿ, ಚರಂಡಿ ಕೆಲಸದವರನ್ನು ಸುತ್ತಿಗೆ ಸಮೇತ ಕರೆಸಿದರು. ಕಟ್ಟೆ ಪುಡಿಪುಡಿಯಾಗುತ್ತಿದ್ದರೂ ಗೆರೆರಾಯರ ಎದೆ ಉಬ್ಬಿತ್ತು. ಅವರ ಗೆರೆಯನ್ನು ಇವತ್ತಿನವರೆಗೆ ಯಾರೂ ಹೊಗಳಿರಲಿಲ್ಲ. ನಾಲ್ಕು ಗಂಟೆಗೆಲ್ಲ ಕಲ್ಲುಮಣ್ಣು ಲಾರಿ ಏರಿತು. ಏಳು ಕುಂಡಗಳೂ ಅವರ ಡ್ರಾಯಿಂಗ್ ಮೇಜು ಏರಿದವು. ಹೆಂಡತಿ ಮಾತು ಬಿಟ್ಟಳು.

ಐದು ಗಂಟೆಗೆ ಅತ್ತೆ ಆಟೋದಿಂದ ಇಳಿದರು. ಗೆರೆರಾಯರು ಬಾಗಿಲಿಗೂ ಬಿಡದೆ, ಬೀದಿಯಲ್ಲೇ ಚಿತ್ರ ಮುಂದೆ ಹಿಡಿದರು.

ಅತ್ತೆ ಕನ್ನಡಕ ಏರಿಸಿದರು. ಚಿತ್ರ ನೋಡಿದರು, ಸಾಲು ನೋಡಿದರು, ಮತ್ತೆ ಚಿತ್ರ ನೋಡಿದರು. "ಪರವಾಗಿಲ್ವೇ! ಬೇಕರಿ ಥೇಟ್ ಬೇಕರಿ ಹಾಗೇ ಇದೆ. ಟೀಚರ್ ಮನೆ ಕಿಟಕಿಯೂ ಸರಿಯಾಗಿದೆ." ಅಳಿಯ ಚಿತ್ರವನ್ನು ಇನ್ನಷ್ಟು ಹತ್ತಿರ ಹಿಡಿದರು. "ಆದ್ರೆ ಅಳಿಯಂದ್ರೇ, ಇರೋ ಮನೆಗಳೆಲ್ಲ ಒಂದೇ ಸಾಲಲ್ಲಿ ನೆಟ್ಟಗೆ ನಿಂತಿವೆ. ನಿಮ್ಮನೇನ ಮಾತ್ರ ಯಾಕೆ ಸೊಟ್ಟ ಬರೆದ್ರಿ?"

"ಬೆಳಿಗ್ಗೆ ಅಲ್ಲಿ ಕಟ್ಟೆ ಇತ್ತು ಅತ್ತೆ! ಬೇಕಾದ್ರೆ ನಿಮ್ಮ ಮಗಳನ್ನೇ ಕೇಳಿ!"

ಹೆಂಡತಿ ಮಧ್ಯಾಹ್ನದಿಂದ ಬಿಟ್ಟಿದ್ದ ಮಾತನ್ನು ಆಗ ಮತ್ತೆ ಎತ್ತಿಕೊಂಡಳು. "ಯಾವ ಕಟ್ಟೆ ಅಮ್ಮಾ? ನಂಗೊಂದೂ ಗೊತ್ತಿಲ್ಲಪ್ಪ."

ಅತ್ತೆಯ ನಗು ಬೇಕರಿಯವರೆಗೂ ಕೇಳಿಸಿತು. ಗೆರೆರಾಯರು ತುಟಿ ಕಚ್ಚಿಕೊಂಡು ಪುಸ್ತಕದ ಮುಂದಿನ ಪುಟ ತಿರುವಿದರು. ನಾಳೆಯ ಪಾಠ, ಹೂಕುಂಡ.

"ಬರೀತೀನಿ, ಏಳನ್ನೂ ಬರೀತೀನಿ" ಎಂದು ಗುಡುಗಿ, ಪೆನ್ಸಿಲು ಚೂಪು ಮಾಡಲು ಕೂತರು.